ಪ್ರವಾಸ ಕಥನ ಬರೆದೂ ಪಿಎಚ್‌ಡಿ ಮಾಡೋ ಹಾಗಾಗ್ಲಿ

ಮಾನ್ಯ ಸಂಪಾದಕರೇ,

ಕನ್ನಡದಲ್ಲಿ ಪ್ರವಾಸ ಸಾಹಿತ್ಯದ ಮೇಲೆ ಪಿಎಚ್‌ಡಿ ಮಾಡಿದೋರು ಬೇಕಾದಷ್ಟು ಜನ ಇದಾರೆ. ಆದ್ರೆ ಒಂದು ಊರಿಗೆ ಹೋಗಿ, ಅಲ್ಲಿ ತಿಂಗಳುಗಟ್ಟಲೆ ಇದ್ದು, ಅಲ್ಲಿನ ಕಥನವನ್ನೇ ಬರೆದು ಅದನ್ನೇ ಸಂಶೋಧನೆ ಅಂತ ಒಪ್ಪಿಸೋಕೆ ನಾನು ನೋಡಿರೋ ಯಾವ ಕನ್ನಡ ವಿಭಾಗದಲ್ಲೂ ದಾರಿ ಇಲ್ಲ. ಇನ್ನೊಬ್ರು ಬರೆದಿದ್ದನ್ನ ಅಧ್ಯಯನ ಮಾಡಿದ್ರೆ ಸಂಶೋಧನೆ, ನಾವೇ ಬರೆದ್ರೆ ಅದು ಹವ್ಯಾಸ ಅನ್ನೋ ಈ ಲೆಕ್ಕಾಚಾರ ಬದಲಾಗ್ಬೇಕು ಅಂತ ಹೇಳೋಕೇ ಈ ಪತ್ರ.

ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿವಿಯಲ್ಲಿ ಸೃಜನಶೀಲ ಬರವಣಿಗೆಯ ಎಂಎ ಶುರುವಾಗಿದ್ದು 1970ರಲ್ಲಿ, ಪಿಎಚ್‌ಡಿ ಆಮೇಲೆ ಬಂತು. ಈಗ ಅಲ್ಲಿನ ಮತ್ತು ಆಸ್ಟ್ರೇಲಿಯಾದ ಎಷ್ಟೋ ವಿವಿಗಳಲ್ಲಿ ಇದು ಮಾಮೂಲಿ. ಥೀಸಿಸ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತೆ, ದೊಡ್ಡದು ಕಾದಂಬರಿಯೋ ಕವಿತೆಯೋ ಪ್ರವಾಸ ಕಥನವೋ, ಚಿಕ್ಕದು ವಿಮರ್ಶೆ. ನನಗೆ ಮುಖ್ಯ ಅನ್ಸೋದು ಆ ಚಿಕ್ಕ ಭಾಗ, ಯಾಕಂದ್ರೆ ಬರೆದವರು ಅಲ್ಲಿ ಉತ್ತರ ಕೊಡ್ಬೇಕು: ಈ ಜಾಗ ಯಾಕೆ ಆರಿಸ್ಕೊಂಡೆ, ಇದರ ಬಗ್ಗೆ ಮೊದಲು ಬರೆದವರು ಏನನ್ನ ಬಿಟ್ಟಿದ್ರು, ಯಾರ ಜೊತೆ ಮಾತಾಡ್ದೆ, ಯಾವುದನ್ನ ಕಲ್ಪಿಸ್ಕೊಂಡೆ. ಜನರನ್ನ ಸಂದರ್ಶನ ಮಾಡೋದಿದ್ರೆ ಅದಕ್ಕೂ ಮೊದಲು ವಿವಿಯ ಎಥಿಕ್ಸ್ ಕಮಿಟಿ (ಸಂಶೋಧನೆಯ ನೀತಿ ನೋಡ್ಕೊಳ್ಳೋ ಸಮಿತಿ) ಒಪ್ಪಿಗೆ ಪಡೀಬೇಕು. ನಾಟಿಂಗ್‌ಹ್ಯಾಮ್ ಟ್ರೆಂಟ್ ವಿವಿಯಂತೂ ಪ್ರವಾಸ ಬರಹದ ಅಧ್ಯಯನಕ್ಕೇ ಒಂದು ಕೇಂದ್ರ ಮಾಡ್ತು, ಈ ವಿಷಯಕ್ಕೇ ಮೀಸಲಾದ ಇಂಗ್ಲಿಷ್ ಜರ್ನಲ್ ಒಂದು 1997ರಿಂದ ಬರ್ತಿದೆ.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಬೇಕು ಅಂತ ಕೇಳಬಹುದು. ಇಂಗ್ಲಿಷ್ ಲೇಖಕ ಬ್ರೂಸ್ ಚಾಟ್ವಿನ್ 1977ರಲ್ಲಿ ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾ ಬಗ್ಗೆ ಬರೆದ ಪುಸ್ತಕ ಲೋಕಪ್ರಸಿದ್ಧ ಆಯ್ತು, ಆದ್ರೆ ಅದರಲ್ಲಿ ಬಂದ ಅಲ್ಲಿನ ಕೆಲವರು ಆಮೇಲೆ ನಾವು ಹೀಗೆ ಹೇಳಿಲ್ಲ, ಹೀಗೆ ನಡೆದಿಲ್ಲ ಅಂತ ಬೇಜಾರು ಮಾಡ್ಕೊಂಡ್ರು. ಬರಹ ಚೆನ್ನಾಗಿದೆ ಅನ್ನೋದು ಅವರಿಗೆ ಸಮಾಧಾನ ಆಗಲ್ಲ ಅಲ್ವಾ.

ನಮ್ಮಲ್ಲಿ ಇದು ಇನ್ನೂ ನೋವಿನ ವಿಷಯ. ಬಿಳಿಗಿರಿರಂಗನ ಬೆಟ್ಟದ ಬಗ್ಗೆ ಬರೋ ಪ್ರವಾಸ ಲೇಖನಗಳನ್ನ ನೋಡಿ, ಮಂಜು, ಆನೆ, ಸಫಾರಿ ಜೀಪು, ರಂಗನಾಥನ ಗುಡಿ, ದೊಡ್ಡ ಸಂಪಿಗೆ ಮರ, ಕೊನೆಗೆ ಒಂದು ಸಾಲಿನಲ್ಲಿ ಇಲ್ಲಿ ಸೋಲಿಗರೆಂಬ ಮುಗ್ಧ ಜನ ವಾಸವಾಗಿದ್ದಾರೆ ಅಂತ ಇರುತ್ತೆ. ಆ ದೊಡ್ಡ ಸಂಪಿಗೆ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ದೇವರು, ನೋಡೋಕೆ ಇಟ್ಟಿರೋ ಮರ ಅಲ್ಲ. 1970ರ ದಶಕದಲ್ಲಿ ಅಭಯಾರಣ್ಯ ಆದ್ಮೇಲೆ ಎಷ್ಟೋ ಕುಟುಂಬಗಳು ಕಾಡೊಳಗಿನ ಪೋಡು (ಸೋಲಿಗರ ಹಾಡಿ) ಬಿಟ್ಟು ಅಂಚಿಗೆ ಬರ್ಬೇಕಾಯ್ತು, ಬೇಸಾಯ ಬಿಡ್ಬೇಕಾಯ್ತು, ಹುಲಿ ಸಂರಕ್ಷಿತ ಪ್ರದೇಶ ಅಂತ ಆದ್ಮೇಲೂ ಹೋರಾಟ ಮಾಡಿ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆ ಅಡಿ ಜೇನು, ನೆಲ್ಲಿಕಾಯಿ ಥರದ ಕಿರು ಅರಣ್ಯ ಉತ್ಪನ್ನದ ಮೇಲೆ ಸಮುದಾಯ ಹಕ್ಕು ಪಡೆದ್ರು. ಕಾನೂನು ಓದಿ, ಅರ್ಜಿ ಹಾಕಿ, ಗ್ರಾಮಸಭೆ ಮಾಡಿ ಹಕ್ಕು ಪಡೆದ ಜನರನ್ನ ಮುಗ್ಧರು ಅಂತ ಒಂದು ಪದದಲ್ಲಿ ಮುಗಿಸೋದು ಅನ್ಯಾಯ. ಎರಡು ದಿನ ರೆಸಾರ್ಟಲ್ಲಿದ್ದು ಬರೆದೋರಿಗೆ ಇದು ಕಾಣೋದು ಕಷ್ಟ ನಿಜ, ಆದ್ರೆ ಅದೇ ಬೆಟ್ಟದಲ್ಲಿ ಮೂರು ನಾಲ್ಕು ವರ್ಷ ಓಡಾಡಿ ಬರೆಯೋಕೆ ಒಬ್ಬ ಸೋಲಿಗರ ಹುಡುಗಿಗೇ ಫೆಲೋಶಿಪ್ ಸಿಕ್ಕಿ, ಅವಳು ಬರೆದ ಕಥನಕ್ಕೇ ಡಾಕ್ಟರೇಟ್ ಸಿಕ್ಕಿದ್ರೆ ಕನ್ನಡಕ್ಕೆ ಎಂಥ ಪುಸ್ತಕ ಬರಬಹುದು ಯೋಚ್ನೆ ಮಾಡಿ.

ಪ್ರವಾಸ ಕಥನಕ್ಕೆ ಕನ್ನಡದಲ್ಲಿ ಗೌರವ ಇಲ್ಲ ಅಂತೇನಿಲ್ಲ. ಗೊರೂರರ ಅಮೆರಿಕ ಪ್ರವಾಸದ ಪುಸ್ತಕಕ್ಕೆ 1980ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅಕಾಡೆಮಿ ಒಪ್ಪಿರೋ ಪ್ರಕಾರವನ್ನ ವಿವಿ ಯಾಕೆ ಒಪ್ಪಬಾರ್ದು?

ಇದಕ್ಕೆ ಮಾರ್ಕ್ಸ್ ಹೇಗೆ ಕೊಡೋದು, ಯಾರು ಬೇಕಾದ್ರೂ ಟೂರ್ ಹೋಗಿಬಂದು ಡಾಕ್ಟರ್ ಆಗ್ಬಿಡ್ತಾರೆ ಅಂತ ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನ ಹತ್ರ ವಾದ ಮಾಡಿದ್ರು. ಅವರ ಆತಂಕ ಸುಳ್ಳಲ್ಲ. ಆದ್ರೆ ಈಗಿನ ಪದ್ಧತಿ ಏನನ್ನ ಅಳೀತಿದೆ? ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ 10ರವರೆಗೆ ಹೋಲಿಕೆ ಇದ್ರೆ ದಂಡ ಇಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ತಿದ್ದಿ ಮತ್ತೆ ಕೊಡ್ಬೇಕು, ಶೇ 60 ದಾಟಿದ್ರೆ ನೋಂದಣಿನೇ ರದ್ದು. ಸಾಫ್ಟ್‌ವೇರ್ ಹಿಡಿಯೋದು ಬೇರೆ ಪುಸ್ತಕದಿಂದ ಎತ್ತಿದ ಸಾಲನ್ನ ಮಾತ್ರ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕ ಅಜ್ಜಿ ಆಡದೇ ಇರೋ ಮಾತನ್ನ ಅಜ್ಜಿ ಬಾಯಲ್ಲಿ ಹಾಕಿದ್ರೆ ಅದನ್ನ ಹಿಡಿಯೋಕೆ ಫೀಲ್ಡ್ ನೋಟ್ಸ್ ನೋಡ್ಬೇಕು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೂತು ಕೇಳ್ಬೇಕು, ಬರೆದದ್ದನ್ನ ಆ ಊರಿನೋರ ಮುಂದೆ ಓದಿಸ್ಬೇಕು. ಟೂರ್ ಹೋಗಿಬಂದೋರು ಯಾರೂ ಇಷ್ಟು ಸುಲಭವಾಗಿ ಪಾಸಾಗಲ್ಲ.

1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಗೇ ಅಂತ ಇರೋದು, ಊರೂರು ಸುತ್ತಿ ಕ್ಷೇತ್ರಕಾರ್ಯ ಮಾಡೋದು ಅಲ್ಲಿನೋರಿಗೆ ಹೊಸದಲ್ಲ, ಮೊದಲ ಹೆಜ್ಜೆ ಅಲ್ಲಿಂದಲೇ ಬಂದ್ರೆ ಚೆನ್ನ. ಒಂದೆರಡು ಸೀಟು ಸಾಕು, ಜೊತೆಗೆ ಓಡಾಟದ ಖರ್ಚಿಗೆ ಸ್ವಲ್ಪ ದುಡ್ಡು, ಮೌಲ್ಯಮಾಪಕರಲ್ಲಿ ಒಬ್ಬರಾದ್ರೂ ಸ್ವತಃ ಪ್ರವಾಸ ಕಥನ ಬರೆದೋರು.

ಸಂಪಾದಕರೇ, ನಿಮ್ಮ ಹತ್ರನೂ ಒಂದು ವಿನಂತಿ ಇದೆ. ಭಾನುವಾರದ ಪುರವಣಿಯ ಪ್ರವಾಸ ಲೇಖನದ ಕೆಳಗೆ ಹೋಗೋದು ಹೇಗೆ, ಉಳಿಯೋದೆಲ್ಲಿ ಅಂತ ಹಾಕ್ತೀರಲ್ಲ, ಅದರ ಜೊತೆ ಲೇಖಕರು ಅಲ್ಲಿ ಎಷ್ಟು ದಿನ ಇದ್ರು, ಖರ್ಚು ಅವರದ್ದಾ ಇಲ್ಲಾ ರೆಸಾರ್ಟಿನವರೋ ಪ್ರವಾಸೋದ್ಯಮ ಇಲಾಖೆಯೋ ಕೊಟ್ಟಿದ್ದಾ ಅಂತ ಒಂದು ಸಾಲು ಹಾಕಿ. ಓದೋರಿಗೆ ಅದು ಗೊತ್ತಿರಲಿ.

ಇಂತಿ,
ಒಬ್ಬ ಕನ್ನಡ ಉಪನ್ಯಾಸಕಿ, ಮೈಸೂರು