ಬಾನೆಟ್ ಮೇಲಿನ ಮೂಲ ಅಕ್ಷರ ಅಳಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಳೆಯ ವಾಹನಗಳ ದುರಸ್ತಿ ಮತ್ತು ಪೇಂಟಿಂಗ್ ವರ್ಕ್‌ಶಾಪ್,
ಉದ್ಯಮಬಾಗ, ಬೆಳಗಾವಿ.

ವಿಷಯ: ಒಪ್ಪಂದ ಮೀರಿ ಹಳೆಯ ಪೊಲೀಸ್ ಜೀಪಿಗೆ ಬಣ್ಣ ಹೊಡೆದಿರುವುದು ಹಾಗೂ ಚಾಸಿ ಪ್ಲೇಟ್ (ವಾಹನದ ಗುರುತಿನ ಸಂಖ್ಯೆಯಿರುವ ಲೋಹದ ಪಟ್ಟಿ) ಕಳೆದಿರುವುದು.

ಮಾನ್ಯರೇ,

ನಾನು ಟಿಳಕವಾಡಿಯ ನಿವಾಸಿ. ಪೊಲೀಸ್ ಇಲಾಖೆಯ ಸೇವೆ ಮುಗಿಸಿ ಹರಾಜಿಗೆ ಬಂದ ಹಳೆಯ ವಾಹನಗಳನ್ನು ಕೊಂಡು, ಇದ್ದ ಹಾಗೆಯೇ ಕಾಪಾಡಿಕೊಂಡು ಬಂದವನು. ಅವುಗಳಲ್ಲಿ ಒಂದಾದ 1968ರ ಮಹೀಂದ್ರ ಸಿಜೆ-3ಬಿ ಜೀಪನ್ನು ಕಳೆದ ಜನವರಿಯಲ್ಲಿ ತಮ್ಮ ವರ್ಕ್‌ಶಾಪಿಗೆ ಒಪ್ಪಿಸಿದ್ದೆ. ಬ್ರೇಕ್ ಪೈಪುಗಳನ್ನು ಬದಲಿಸುವುದು, ಹಿಂದಿನ ನೆಲದ ತಗಡಿನ ತೂತುಗಳಿಗೆ ವೆಲ್ಡಿಂಗ್ ಮಾಡುವುದು, ವೈರಿಂಗ್ ಸರಿಪಡಿಸುವುದು, ಇಷ್ಟೇ ಕೆಲಸ. ‘ಬಾನೆಟ್ಟಿಗೆ ಕೈ ಹಚ್ಚಬಾರದು’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ನಾನೂ ತಮ್ಮ ಮೇಲ್ವಿಚಾರಕರೂ ಸಹಿ ಮಾಡಿದ್ದೇವೆ. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ.

ಮಾರ್ಚ್ ತಿಂಗಳಲ್ಲಿ ಗಾಡಿ ಒಯ್ಯಲು ಬಂದಾಗ ಬಾನೆಟ್ ಕನ್ನಡಿಯಂತೆ ಹೊಳೆಯುತ್ತಿತ್ತು. ಹಳೆಯ ಬಣ್ಣವನ್ನು ತಗಡು ಕಾಣುವವರೆಗೆ ಉಜ್ಜಿ, ಲಾಂಬಿ (ತಗ್ಗು ಮುಚ್ಚುವ ಪುಟ್ಟಿ) ತುಂಬಿ, ಮೇಲೆ ಹೊಸ ಬಣ್ಣ ಹೊಡೆಯಲಾಗಿತ್ತು.

ಅಲ್ಲಿ ಏನಿತ್ತು ಎಂಬುದನ್ನು ತಾವು ತಿಳಿಯಬೇಕು. ಈ ಮಾದರಿಯ ಹರಿಕೇನ್ ಎಂಜಿನ್‌ನಲ್ಲಿ ಇನ್‌ಲೆಟ್ ವಾಲ್ವುಗಳು (ಗಾಳಿ, ಇಂಧನವನ್ನು ಒಳಗೆ ಬಿಡುವ ಕವಾಟಗಳು) ಮೇಲೆ ಹೆಡ್‌ನಲ್ಲಿರುವುದರಿಂದ ಎಂಜಿನ್ ಎತ್ತರವಾಗಿ, ಅದಕ್ಕೆ ತಕ್ಕಂತೆ ಬಾನೆಟ್ಟೂ ಎತ್ತರವಾಗಿದೆ. ಆ ಅಗಲವಾದ ಪಕ್ಕದ ತಗಡಿನ ಮೇಲೆ ಯಾರೋ ಪೇಂಟರ್ ಕುಂಚದಿಂದ ‘ಕರ್ನಾಟಕ ಪೊಲೀಸ್’ ಎಂದು ಬರೆದಿದ್ದರು. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ‘ಕರ್ನಾಟಕ’ದ ಅಡಿಯಲ್ಲಿ ಇನ್ನೊಂದು ಪದದ ಉಬ್ಬು ಕಾಣುತ್ತಿತ್ತು, ಬೆರಳಾಡಿಸಿದರೆ ‘ಮೈಸೂರು’ ಎಂಬ ಮೂರೂ ಅಕ್ಷರಗಳು ಕೈಗೆ ಹತ್ತುತ್ತಿದ್ದವು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲು ಐದು ವರ್ಷ ಈ ಜೀಪು ಮೈಸೂರು ರಾಜ್ಯದ ಪೊಲೀಸರನ್ನು ಹೊತ್ತು ತಿರುಗಿದ್ದಕ್ಕೆ ಆ ಉಬ್ಬು ಸಾಕ್ಷಿಯಾಗಿತ್ತು. ಇಂಥ ಗಾಡಿಯನ್ನು ಕೊಳ್ಳುವಾಗ ನಾನು ಎಂಜಿನ್‌ಗಿಂತ ಮೊದಲು ನೋಡುವುದು ಬಣ್ಣದ ಪದರಗಳನ್ನು, ಏಕೆಂದರೆ ಎಂಜಿನ್ ಬಿಡಿಭಾಗಗಳು ಇಂದಿಗೂ ಹುಡುಕಿದರೆ ಸಿಗುತ್ತವೆ.

ತಮ್ಮ ಫೋರ್‌ಮನ್‌ರನ್ನು ಕೇಳಿದಾಗ, “ಬಣ್ಣ ಎಲ್ಲಾ ಎದ್ದಿತ್ರೀ, ಛಲೋ ಮಾಡಿ ಕೊಟ್ಟೇವಿ. ಅಕ್ಷರ ಬೇಕಂದ್ರ ರೇಡಿಯಂ ಸ್ಟಿಕರ್ ಹಚ್ಚಿ ಕೊಡ್ತೇವ್ರೀ” ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂದು ನಂಬುತ್ತೇನೆ, ಆದರೆ ಆ ಸ್ಟಿಕರ್ ನನಗೆ ಬೇಡ. ಖಾಸಗಿ ವಾಹನದ ಮೇಲೆ ಹೊಸದಾಗಿ ‘ಪೊಲೀಸ್’ ಎಂದು ಹಚ್ಚಿಕೊಂಡು ತಿರುಗಿದರೆ ಜನರನ್ನು ಮೋಸಗೊಳಿಸಿದಂತಾಗುತ್ತದೆ. ಹಳೆಯ ಅಕ್ಷರಗಳಿದ್ದಾಗಲೂ ನಾನು ತಾಡಪತ್ರಿ ಹೊದಿಸಿ, ಲಾರಿಯ ಮೇಲೆಯೇ ಜೀಪನ್ನು ಸಾಗಿಸುತ್ತಿದ್ದೆ.

ಎರಡನೆಯದಾಗಿ, ಡ್ಯಾಶ್‌ಬೋರ್ಡ್ ಬಳಿ ರಿವೆಟ್ ಹೊಡೆದು ಕೂರಿಸಿದ್ದ ಚಾಸಿ ಪ್ಲೇಟ್ ಈಗ ಅಲ್ಲಿಲ್ಲ. 2021ರಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲ ರೂಪದಲ್ಲಿ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಾನು ಆ ಅರ್ಜಿಯ ಸಿದ್ಧತೆಯಲ್ಲಿದ್ದೆ, ಅದಕ್ಕೆ 20,000 ರೂಪಾಯಿ ಶುಲ್ಕವನ್ನೂ ತೆಗೆದಿಟ್ಟಿದ್ದೆ. ಪ್ಲೇಟಿನ ಮೇಲಿನ ಸಂಖ್ಯೆಯೇ ಇಲ್ಲದಿದ್ದರೆ ಜೀಪಿನ ಮೂಲವನ್ನು ತಪಾಸಣೆಗೆ ಬರುವವರ ಮುಂದೆ ಹೇಗೆ ತೋರಿಸಲಿ?

ಆದ್ದರಿಂದ ಪ್ಲೇಟನ್ನು ಹುಡುಕಿಸಿ ಕೊಡಬೇಕು. ಪೇಂಟಿಂಗ್ ವಿಭಾಗದಲ್ಲಿ ಬಿಚ್ಚಿದ ಸ್ಕ್ರೂ, ಕ್ಲಿಪ್ಪುಗಳನ್ನು ಹಾಕಿಡುವ ಡಬ್ಬಿಗಳನ್ನು ಮೊದಲು ನೋಡಿಸಿ. ಗುಜರಿಗೆ ಹೋಗಿದ್ದರೆ ಯಾರಿಗೆ, ಯಾವ ದಿನ ಮಾರಿದಿರಿ ಎಂಬುದನ್ನು ಬರಹದಲ್ಲಿ ತಿಳಿಸಿ. ಕೇಳದ ಕೆಲಸಕ್ಕೆ ಬಿಲ್ಲಿನಲ್ಲಿ ಸೇರಿಸಿ ಪಡೆದಿರುವ ಬಣ್ಣದ ಪೂರ್ತಿ ಹಣವನ್ನು ಮರಳಿಸಬೇಕು. ಅಕ್ಷರಗಳು ಹೋದವು, ಅದಕ್ಕೆ ಇಷ್ಟೇ ಬೆಲೆ ಎಂದು ಕಟ್ಟಲು ನನ್ನಿಂದಾಗದು. ಅದರ ಪರಿಹಾರದ ಬಗ್ಗೆ ತಾವೇ ನನ್ನ ಎದುರು ಕುಳಿತು ಮಾತಾಡಬೇಕು. ಬಾನೆಟ್ಟಿನ ಹಳೆಯ ಫೋಟೋಗಳನ್ನು ಇದರೊಂದಿಗೆ ಇಟ್ಟಿದ್ದೇನೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಜೀಪಿನ ಯಾವ ಭಾಗವನ್ನೂ ಬಿಚ್ಚಬಾರದು, ಉಜ್ಜಬಾರದು ಎಂದು ತಮ್ಮ ಕೆಲಸಗಾರರಿಗೆ ಇಂದೇ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಜೀಪಿನ ಮಾಲೀಕ,
ಟಿಳಕವಾಡಿ, ಬೆಳಗಾವಿ