ಮಗಳಿಗೊಂದು ಪತ್ರ: ಅರವತ್ತರ ಬಲ್ಬು, ನೂರರ ಬಲ್ಬು

ತಿಪಟೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮ ಒಳಗೆ ಚಕ್ಕುಲಿ ಕರಿಯುತ್ತಿದ್ದಾಳೆ. ನಾಳೆ ನಿಮ್ಮ ಹಾಸ್ಟೆಲಿನ ಕಡೆಗೆ ಒಂದು ಪಂಪಿನ ಕೆಲಸವಿದೆ, ಚೀಲವನ್ನು ವಾರ್ಡನ್ ಕೈಗೆ ಕೊಟ್ಟು ಹೋಗುತ್ತೇನೆ. ಅದರಲ್ಲಿ ಸಹಿ ಹಾಕಿದ ನಿನ್ನ ಭೌತಶಾಸ್ತ್ರದ ಉತ್ತರ ಪತ್ರಿಕೆಯೂ ಇದೆ. 20ಕ್ಕೆ 9. ಸಹಿ ಹಾಕಲು ಅರ್ಧ ನಿಮಿಷ ಸಾಕಾಗಿತ್ತು, ಆದರೆ ಪತ್ರಿಕೆ ನನ್ನ ಅಂಗಡಿಯ ಮೇಜಿನ ಮೇಲೆ ನಾಲ್ಕು ದಿನ ಕುಳಿತಿತ್ತು. ಅದಕ್ಕೆ ಅಂಟಿರುವ ವಾರ್ನಿಷ್ ಕಲೆಗೆ ನಿಮ್ಮ ಮೇಷ್ಟ್ರು ಏನಾದರೂ ಅಂದರೆ ನನ್ನ ಹೆಸರು ಹೇಳು.

ಬೈಯಲು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಹೋದ ವಾರ ಫೋನಿನಲ್ಲಿ ನೀನು ಆಡಿದ ಒಂದು ಮಾತು ತಲೆಯಲ್ಲೇ ಉಳಿದಿದೆ. "ಗುಂಪಿನಲ್ಲಿ ಕುಳಿತು ಓದಿದಾಗ ಎಲ್ಲ ಅರ್ಥವಾಗಿತ್ತು ಅಪ್ಪಾ, ಪರೀಕ್ಷೆಯಲ್ಲಿ ಕೈಯೇ ಓಡಲಿಲ್ಲ" ಎಂದೆ. ನಿನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರು "ಬೇಗ ಮುಗಿಸೇ" ಎಂದು ಕೂಗುತ್ತಿದ್ದರು, ಉತ್ತರ ಹೇಳಲು ಆಗಲಿಲ್ಲ. ಹೇಳಬೇಕಾದದ್ದು ಎರಡು ಮಾತಿನಲ್ಲಿ ಮುಗಿಯುವಂತೆಯೂ ಇರಲಿಲ್ಲ.

ನಾನೂ ಗುಂಪು ಅಧ್ಯಯನ ಮಾಡಿದವನೇ. ಹತ್ತನೇ ತರಗತಿಯಲ್ಲಿ ನಾವು ಐದು ಹುಡುಗರು ರಾತ್ರಿ ಆಂಜನೇಯನ ಗುಡಿಯ ಜಗಲಿಯ ಮೇಲೆ ಸೇರುತ್ತಿದ್ದೆವು. ಅಲ್ಲಿ ಟ್ಯೂಬ್‌ಲೈಟ್ ಇತ್ತು, ಮನೆಯಲ್ಲಿ ಇರಲಿಲ್ಲ. ಐವರಲ್ಲಿ ಒಬ್ಬ ಬುದ್ಧಿವಂತ. ಅವನು ಲೆಕ್ಕ ಮಾಡುತ್ತಿದ್ದ, ಉಳಿದ ನಾಲ್ವರು ಕಡಲೆಕಾಯಿ ಬಿಡಿಸುತ್ತ "ಹೌದು, ಹೌದು" ಎನ್ನುತ್ತಿದ್ದೆವು. ಅವನ ಪೆನ್ನು ಓಡುವುದನ್ನು ನೋಡುತ್ತಿದ್ದರೆ ನನಗೂ ಬರುತ್ತದೆ ಅನ್ನಿಸುತ್ತಿತ್ತು. ಫಲಿತಾಂಶ ಬಂದಾಗ ಅವನೊಬ್ಬನೇ ಪಾಸು. ಎರಡನೇ ಸಲ ಬರೆದು ತೇರ್ಗಡೆಯಾಗಿ ಐಟಿಐ ಸೇರಿದೆ. ಈ ಕಥೆಯನ್ನು ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ. ನಿನ್ನ ಅಜ್ಜಿ ಹೇಳಿರಬಹುದು.

ದಸರಾ ರಜೆಯಲ್ಲಿ ನಿನ್ನ ಮೂವರು ಗೆಳತಿಯರು ಮನೆಗೆ ಬಂದ ದಿನ ನೆನಪಿದೆಯಲ್ಲ? ಅಂಗಡಿಯ ಬೆಂಚಿನ ಮೇಲೆ ಕುಳಿತು ವಿದ್ಯುಚ್ಛಕ್ತಿ ಪಾಠ ಓದುತ್ತಿದ್ದಿರಿ. ನಾನು ಸುಟ್ಟ ಮೋಟಾರಿಗೆ ಹೊಸ ತಂತಿಯ ಸುರುಳಿ ಸುತ್ತುತ್ತಲೇ ಒಂದು ಪ್ರಶ್ನೆ ಎಸೆದೆ. 60 ವ್ಯಾಟಿನ ಬಲ್ಬನ್ನೂ 100 ವ್ಯಾಟಿನ ಬಲ್ಬನ್ನೂ ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? "ನೂರರದ್ದು!" ಎಂದು ನೀನೇ ಮೊದಲು ಕೂಗಿದೆ. ಇಬ್ಬರು ಕೂಡಲೇ ಸೇರಿಕೊಂಡರು. ಎರಡು ಜಡೆಯ ಹುಡುಗಿ ಮಾತ್ರ "ಆದರೆ..." ಎಂದು ಬಾಯಿ ತೆರೆದಳು. ನಿಮ್ಮ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಆಮೇಲೆ ಅವಳೂ ನೂರು ಎಂದಳು.

ಮೋಟಾರ್ ಪರೀಕ್ಷಿಸಲು ಇಟ್ಟುಕೊಂಡಿದ್ದ ಹಳೆಯ ತಂತಿಯ ಬಲ್ಬುಗಳನ್ನು ತೆಗೆದು, ಹೋಲ್ಡರಿಗೆ ಹಾಕಿ, ಒಂದರ ಹಿಂದೆ ಒಂದು ಜೋಡಿಸಿ ಸ್ವಿಚ್ ಒತ್ತಿದೆ. ಅರವತ್ತರ ಬಲ್ಬು ಹಳದಿಯಾಗಿ ಬೆಳಗಿತು. ನೂರರ ಬಲ್ಬಿನೊಳಗೆ ತಂತಿ ಬರೀ ಕೆಂಪಗೆ ಕಾದು ನಿಂತಿತು. ನಿಮ್ಮ ಮುಖಗಳನ್ನು ನೋಡಬೇಕಿತ್ತು! (ಇದನ್ನು ಹಾಸ್ಟೆಲಿನಲ್ಲಿ ಮಾಡಲು ಹೋಗಬೇಡಿ. ಮನೆ ಕರೆಂಟಿನ ಜೊತೆ ಆಟ ನನ್ನ ಎದುರಿಗೆ ಮಾತ್ರ. ಎಲ್‌ಇಡಿ ಬಲ್ಬಿನಲ್ಲಿ ಇದು ಹೀಗೆ ನಡೆಯುವುದೂ ಇಲ್ಲ.)

ಆಮೇಲೆ ನೀವೇ ಲೆಕ್ಕ ಹಾಕಿದಿರಿ. 220 ವೋಲ್ಟಿನ ವರ್ಗವನ್ನು 60ರಿಂದ ಭಾಗಿಸಿದರೆ ಸುಮಾರು 807 ಓಮ್. 100ರಿಂದ ಭಾಗಿಸಿದರೆ 484 ಓಮ್. ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಪ್ರವಾಹ ಒಂದೇ, ಹಾಗಾಗಿ ರೋಧ ಹೆಚ್ಚಿರುವುದಕ್ಕೆ ಹೆಚ್ಚು ಬಿಸಿ, ಹೆಚ್ಚು ಬೆಳಕು. ಮನೆಯಲ್ಲಿ ಎಲ್ಲವೂ ಸಮಾಂತರ ಜೋಡಣೆ, ಪ್ರತಿ ಬಲ್ಬಿಗೂ ಪೂರ್ತಿ 220 ವೋಲ್ಟ್ ಸಿಗುತ್ತದೆ, ಅಲ್ಲಿ ನೂರರದ್ದೇ ಗೆಲ್ಲುತ್ತದೆ. ನೀವು ಮನೆಯನ್ನು ನೆನೆದು ಉತ್ತರ ಹೇಳಿದ್ದಿರಿ, ಪ್ರಶ್ನೆಯಲ್ಲಿದ್ದ "ಸರಣಿ" ಎಂಬ ಪದವನ್ನು ಕೇಳಿಸಿಕೊಂಡಿರಲಿಲ್ಲ.

ಅವತ್ತು ನನಗೆ ಕಂಡದ್ದು ಬಲ್ಬಿಗಿಂತ ಹೆಚ್ಚಾಗಿ ಆ ಹುಡುಗಿಯ "ಆದರೆ". ಅವಳ ಹತ್ತಿರ ಉತ್ತರ ಇತ್ತೋ ಇಲ್ಲವೋ, ಅನುಮಾನವಂತೂ ಇತ್ತು. ನಿನ್ನ ಗಟ್ಟಿ ದನಿ ಅದನ್ನು ನುಂಗಿತು. ನಾಲ್ಕು ತಲೆಗಳಲ್ಲಿ ಕೆಲಸ ಮಾಡಿದ್ದು ಒಂದೇ, ಅದೂ ತಪ್ಪಾಗಿ. ನಿನಗೆ ಅಂಕ ಹೋದದ್ದೂ ಅಲ್ಲೇ ಎಂದು ನನ್ನ ಊಹೆ.

ನಮ್ಮ ಕಸುಬಿನಲ್ಲಿ ಇದಕ್ಕೆ ಸರಿಯಾದ ಅನುಭವವಿದೆ. ಸುರುಳಿ ಸುತ್ತುವಾಗ ಸುತ್ತು ಎಣಿಸಬೇಕು, ಒಂದೂ ತಪ್ಪಬಾರದು. ಕೆಲಸ ಕಲಿಯುವಾಗ ನಾನೂ ಇನ್ನೊಬ್ಬ ಹುಡುಗನೂ ಒಟ್ಟಿಗೆ ಗಟ್ಟಿಯಾಗಿ ಎಣಿಸುತ್ತಿದ್ದೆವು. ಇಬ್ಬರು ಎಣಿಸಿದರೆ ತಪ್ಪಾಗದು ಎಂಬ ಲೆಕ್ಕಾಚಾರ. ಆಗುತ್ತಿದ್ದುದೇನು? ನನ್ನ ಗಮನ ಜಾರಿದಾಗ ನಾನು ಅವನ ದನಿಯನ್ನು ಹಿಂಬಾಲಿಸುತ್ತಿದ್ದೆ, ಅವನ ಗಮನ ಜಾರಿದಾಗ ಅವನು ನನ್ನದನ್ನು. ಇಬ್ಬರ ಗಮನವೂ ಜಾರಿದಾಗ ಬಾಯಿ ಮಾತ್ರ ಎಣಿಸುತ್ತಿತ್ತು. ಹಾಗೆ ಸುತ್ತಿದ ಒಂದು ಮೋಟಾರ್ ಒಂದು ಗಂಟೆ ಓಡಿ ಸುಟ್ಟ ವಾರ್ನಿಷ್ ವಾಸನೆ ಹೊಡೆಯಿತು. ಮೇಸ್ತ್ರಿ ಬೈಯಲಿಲ್ಲ, ಇಬ್ಬರ ಬಾಯನ್ನೂ ಮುಚ್ಚಿಸಿದರು. ಇಬ್ಬರೂ ಮನಸ್ಸಿನಲ್ಲೇ ಎಣಿಸಿ, ತಮ್ಮ ತಮ್ಮ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬೇರೆ ಬೇರೆ ಬರೆಯಬೇಕು, ಕೊನೆಗೆ ತಾಳೆ ನೋಡಬೇಕು. ಲೆಕ್ಕ ಕೂಡಲಿಲ್ಲವೋ, ಬಿಚ್ಚಿ ಮತ್ತೆ ಸುತ್ತು.

ನಿಮ್ಮ ಗುಂಪಿನಲ್ಲೂ ಹಾಗೇ ಮಾಡಿ. ಪ್ರಶ್ನೆ ಓದಿದ ಮೇಲೆ ಯಾರೂ ಮಾತನಾಡಬೇಡಿ. ಒಬ್ಬೊಬ್ಬರೂ ಚೀಟಿಯಲ್ಲಿ ಉತ್ತರ ಬರೆದು ಮಗುಚಿಡಿ. ಆಮೇಲೆ ಒಟ್ಟಿಗೆ ತಿರುಗಿಸಿ. ನಾಲ್ಕೂ ಒಂದೇ ಆಗಿದ್ದರೆ ಒಬ್ಬರು ಕಾರಣ ಹೇಳಿ ಮುಂದೆ ಹೋಗಿ. ಬೇರೆ ಬೇರೆ ಬಂದರೆ ಜಗಳವಾಡಿ, ಭೌತಶಾಸ್ತ್ರ ಇರುವುದೇ ಆ ಜಗಳದಲ್ಲಿ. ಪೋಷಕರ ಸಭೆಯಲ್ಲಿ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ಈ ಬಲ್ಬಿನ ಕಥೆ ಹೇಳಿದಾಗ ಅವರು ನಕ್ಕು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು 1991ರಿಂದ ತರಗತಿಯಲ್ಲೇ ಹೀಗೆ ಮಾಡಿಸುತ್ತ ಬಂದರು ಎಂದರು. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಕೊಡಬೇಕು, ಆಮೇಲೆ ಪಕ್ಕದವರ ಜೊತೆ ವಾದ, ಆಮೇಲೆ ಮತ್ತೊಮ್ಮೆ ಉತ್ತರ. ನಮ್ಮ ಮೇಸ್ತ್ರಿಗೆ ಹಾರ್ವರ್ಡ್ ಎಲ್ಲಿದೆ ಎಂದೂ ಗೊತ್ತಿರಲಿಲ್ಲ!

ಇನ್ನೊಂದು. "ಅರ್ಥವಾಯಿತಾ?" ಎಂದು ಒಬ್ಬರನ್ನೊಬ್ಬರು ಕೇಳುವುದನ್ನು ಬಿಟ್ಟುಬಿಡಿ. ಆ ಪ್ರಶ್ನೆಗೆ ಲೋಕದಲ್ಲಿ "ಹೂಂ" ಎಂಬ ಒಂದೇ ಉತ್ತರವಿದೆ. "ಪುಸ್ತಕ ಮುಚ್ಚಿ ನೀನು ಮಾಡಿ ತೋರಿಸು" ಎನ್ನಿ. ನೀನು ಚೆನ್ನಾಗಿ ವಿವರಿಸುತ್ತೀಯೆ ಎಂದು ನಿನ್ನ ಗೆಳತಿಯರು ಹೇಳುತ್ತಾರೆ, ಸಂತೋಷ. ಆದರೆ ಯಾವಾಗಲೂ ನಿನಗೆ ಬರುವುದನ್ನೇ ವಿವರಿಸುತ್ತಿದ್ದರೆ ಬಾರದ್ದು ಅಲ್ಲೇ ಕುಳಿತಿರುತ್ತದೆ. ನಿನಗೆ ಅಳುಕಿರುವ ಪಾಠವನ್ನೇ ನೀನು ಹೇಳಿಕೊಡಬೇಕು. ತಡವರಿಸಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊ.

ನಿನ್ನ ಅಳುಕಿನ ಪಾಠ ಯಾವುದು ಎಂದು ಉತ್ತರ ಪತ್ರಿಕೆಯೇ ಹೇಳುತ್ತಿದೆ. ಬೆಳಕು ನನ್ನ ಕಸುಬಿಗೆ ಸೇರಿದ್ದಲ್ಲ, ನಿನ್ನ ಅಣ್ಣನ ಹಳೆಯ ಪುಸ್ತಕ ಹಿಡಿದು ಎರಡು ರಾತ್ರಿ ಕುಳಿತೆ. ಸಂಗಮ ದೂರ 20 ಸೆಂಟಿಮೀಟರ್ ಇರುವ ಪೀನ ಮಸೂರದ ಮುಂದೆ 30 ಸೆಂಟಿಮೀಟರ್ ದೂರದಲ್ಲಿ ವಸ್ತು ಇದೆ, ಪ್ರತಿಬಿಂಬ ಎಲ್ಲಿ? ನೀನು 12 ಎಂದು ಬರೆದಿದ್ದೀಯೆ. ಸೂತ್ರ ಸರಿ, ಕೂಡಿದ್ದೂ ಸರಿ. ವಸ್ತು ದೂರವನ್ನು ಋಣ ಚಿಹ್ನೆಯಿಲ್ಲದೆ ಹಾಕಿದ್ದೀಯೆ, ಅಷ್ಟೇ. ಮೈನಸ್ 30 ಎಂದು ಹಾಕಿದ್ದರೆ 60 ಬರುತ್ತಿತ್ತು. ಸತ್ಯ ಪ್ರತಿಬಿಂಬ, ತಲೆಕೆಳಗು, ವಸ್ತುವಿನ ಎರಡರಷ್ಟು. ಲೆಕ್ಕಕ್ಕೆ ಮೊದಲು ಮೂಲೆಯಲ್ಲಿ ಒರಟು ಕಿರಣ ಚಿತ್ರ ಎಳೆದಿದ್ದರೆ 12 ನೋಡಿದ ಕೂಡಲೇ ಅನುಮಾನ ಬರುತ್ತಿತ್ತು: ವಸ್ತು ಸಂಗಮ ದೂರಕ್ಕೂ ಅದರ ಎರಡರಷ್ಟಕ್ಕೂ ನಡುವೆ ಇದ್ದರೆ ಪ್ರತಿಬಿಂಬ ಆಚೆ ಬದಿಯಲ್ಲಿ 40ರಿಂದಲೂ ಆಚೆ ಬೀಳಬೇಕಲ್ಲವೇ? ಚಿಹ್ನೆಯ ನಿಯಮವನ್ನು ನೀವೆಲ್ಲ ಒಟ್ಟಿಗೆ ರಾಗವಾಗಿ ಹೇಳುತ್ತೀರಿ, ದಸರಾದಲ್ಲಿ ಕೇಳಿದ್ದೇನೆ. ರಾಗ ಬಾಯಿಗೆ ಬಂದಿದೆ, ಚಿಹ್ನೆ ಕೈಗೆ ಬಂದಿಲ್ಲ. ಕಿರಣ ಚಿತ್ರವನ್ನಂತೂ ಒಬ್ಬಳೇ ಕುಳಿತು, ಸ್ಕೇಲು ಪೆನ್ಸಿಲು ಹಿಡಿದು, ಹತ್ತು ಸಲ ಬರೆಯಬೇಕು. ಅದಕ್ಕೆ ಗುಂಪು ಬೇಡ.

ಗುಂಪು ನಾಲ್ವರದ್ದೇ ಇರಲಿ. ಐದನೆಯವಳು ಬಂದರೆ ಮಾತು ಮೆಸ್ಸಿನ ಸಾಂಬಾರಿನ ಕಡೆ ಹೊರಳುತ್ತದೆ. ನಿಮ್ಮ ಎಡಚಿ ಗೆಳತಿಗೂ ನನ್ನ ಕಡೆಯಿಂದ ಒಂದು ಮಾತು ಹೇಳು. ಫ್ಲೆಮಿಂಗ್‌ನ ಎಡಗೈ ನಿಯಮ (ಅಯಸ್ಕಾಂತದ ನಡುವೆ ಕರೆಂಟು ಹರಿಯುವ ತಂತಿ ಯಾವ ಕಡೆ ಸರಿಯುತ್ತದೆ ಎಂದು ಬೆರಳುಗಳಲ್ಲಿ ತೋರಿಸುವುದು) ಬರೆಯುವಾಗ ಅವಳ ಎಡಗೈಯಲ್ಲಿ ಪೆನ್ನಿರುತ್ತದೆ, ಹಾಗಾಗಿ ಖಾಲಿಯಿರುವ ಬಲಗೈಯನ್ನೇ ಎತ್ತಿ ಬೆರಳು ಬಿಡಿಸುತ್ತಾಳೆ. ಉತ್ತರ ಪ್ರತಿ ಸಲವೂ ತಿರುಗುಮುರುಗು! ಪೆನ್ನು ಕೆಳಗಿಟ್ಟು ಕೈ ಎತ್ತಲು ಹೇಳು.

ಐಟಿಐಯಲ್ಲಿ ನಮ್ಮ ಮೇಷ್ಟ್ರು ಮೈಕೆಲ್ ಫ್ಯಾರಡೆಯ ಕಥೆ ಹೇಳುತ್ತಿದ್ದರು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿತ ಹುಡುಗ. 1810ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ಹೋಗತೊಡಗಿದ. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್, ಅದನ್ನು ಕೊಡುತ್ತಿದ್ದವನು ಅವನ ಅಣ್ಣ. ಅಲ್ಲಿ ಸೇರುತ್ತಿದ್ದ ಯುವಕರದ್ದು ಒಂದು ಸಂಘವಿತ್ತು. ಬುಧವಾರ ಸಂಜೆ ಸೇರಿ, ಸದಸ್ಯರೇ ಸರದಿಯ ಮೇಲೆ ಎದ್ದು ನಿಂತು ಪಾಠ ಹೇಳುತ್ತಿದ್ದರು, ಉಳಿದವರು ಪ್ರಶ್ನೆ ಕೇಳುತ್ತಿದ್ದರು. ಮುಂದೆ 1821ರಲ್ಲಿ ಅವನೇ ಪಾದರಸದ ಬಟ್ಟಲಿನಲ್ಲಿ ಅಯಸ್ಕಾಂತದ ಸುತ್ತ ಕರೆಂಟು ಹರಿಯುವ ತಂತಿ ತಿರುಗುವಂತೆ ಮಾಡಿದ. ತಿಪಟೂರಿನ ತೆಂಗಿನ ತೋಟಗಳಿಂದ ಸುಟ್ಟು ಬರುವ ಪಂಪುಗಳ ಮೂಲಪುರುಷ ಆ ಬಟ್ಟಲಿನಲ್ಲಿದ್ದಾನೆ. ನಮ್ಮ ಮನೆಯ ಅನ್ನವೂ ಅಲ್ಲಿಂದಲೇ ಬಂದದ್ದು. ನಾನು ಗುಡಿಯ ಜಗಲಿಯಲ್ಲಿ ಕಡಲೆಕಾಯಿ ತಿಂದದ್ದು ನೆನಪಾಗಿ ಆ ಕಥೆ ಕೇಳುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಮಾರ್ಚಿನ ಎಸ್ಎಸ್ಎಲ್‌ಸಿ ಪರೀಕ್ಷೆಗೆ ಇನ್ನೂ ಸಮಯವಿದೆ, ಅದಕ್ಕೆ ಮೊದಲು ಪೂರ್ವಸಿದ್ಧತಾ ಪರೀಕ್ಷೆಯೂ ಬರುತ್ತದೆ. ವಿಜ್ಞಾನದ 80 ಅಂಕದ ಪತ್ರಿಕೆಯಲ್ಲಿ ಜೀವಶಾಸ್ತ್ರವನ್ನು ನೀನು ಒಬ್ಬಳೇ ನಿಭಾಯಿಸುತ್ತೀಯೆ, ರಸಾಯನಶಾಸ್ತ್ರದ ಗೋಜಿಗೆ ನಾನು ಬರುವುದಿಲ್ಲ. ಭೌತಶಾಸ್ತ್ರದಲ್ಲಿ ಸಿಕ್ಕಿಕೊಂಡದ್ದನ್ನು ಭಾನುವಾರದ ಫೋನಿನಲ್ಲಿ ಹೇಳು. ವಿದ್ಯುತ್ತಾದರೆ ಆಗಲೇ ಹೇಳುತ್ತೇನೆ, ಬೆಳಕಾದರೆ ಒಂದು ವಾರ ಸಮಯ ಕೊಡು. ಆ ಎರಡು ಜಡೆಯ ಹುಡುಗಿಗೆ ಮೊದಲ ಚೀಟಿ ತಿರುಗಿಸುವ ಅವಕಾಶ ಕೊಡು.

ಚೀಲದ ತಳದಲ್ಲಿ, ಚಕ್ಕುಲಿ ಡಬ್ಬಿಯ ಕೆಳಗೆ, ಟವೆಲಿನಲ್ಲಿ ಸುತ್ತಿದ ಅಜ್ಜಿಯ ಕನ್ನಡಕ ಇದೆ. ಓದುವುದಕ್ಕೆ ಹಾಕಿಕೊಳ್ಳುವ ಪೀನ ಮಸೂರದ್ದು. ವೈದ್ಯರ ಚೀಟಿಯಲ್ಲಿ ಎರಡು ಕಣ್ಣಿಗೂ +2.5 ಎಂದಿದೆ, ಅದು ಡಯಾಪ್ಟರ್‌ನಲ್ಲಿ ಮಸೂರದ ಸಾಮರ್ಥ್ಯ. ಹಗಲು ಹೊತ್ತು ಕಿಟಕಿಯ ಎದುರಿನ ಗೋಡೆಯ ಹತ್ತಿರ ಹಿಡಿದು ಹಿಂದೆ ಮುಂದೆ ಮಾಡಿದರೆ ಹೊರಗಿನ ದೂರದ ತೆಂಗಿನ ಮರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಮಸೂರದಿಂದ ಗೋಡೆಗೆ ಎಷ್ಟು ಸೆಂಟಿಮೀಟರ್ ಇರಬೇಕು ಎಂದು ನಾಲ್ವರೂ ಮೊದಲೇ ಚೀಟಿಯಲ್ಲಿ ಬರೆದಿಡಿ, ಆಮೇಲೆ ಸ್ಕೇಲಿನಿಂದ ಅಳೆಯಿರಿ. ಉತ್ತರ ನಾನು ಹೇಳುವುದಿಲ್ಲ.

ಮುಂದಿನ ರಜೆಗೆ ಬರುವಾಗ ಕನ್ನಡಕ ಮರೆಯದೆ ತಾ. ಅಜ್ಜಿಯನ್ನು ಕೇಳದೆ ತೆಗೆದುಕೊಂಡಿದ್ದೇನೆ. ಈಗಲೇ ಪಂಚಾಂಗ ಹಿಡಿದು ಮನೆಯೆಲ್ಲ ಹುಡುಕುತ್ತಿದ್ದಾರೆ.

ಇಂತಿ,
ನಿನ್ನ ಅಪ್ಪ