ಆರು ತಿಂಗಳ ಹಾಲಿಗೆ ಹೆದರಬೇಕಿಲ್ಲ

ಮಾನ್ಯ ಸಂಪಾದಕರಿಗೆ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಬಹಳಷ್ಟು ಮನೆಗಳಲ್ಲಿ ಈಗ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಅಲ್ಲಿಗೆ ಹೋಗಿ ಕೆಲವು ತಿಂಗಳು ಉಳಿದು ಬರುವ ತಂದೆತಾಯಿಯರೂ ಕಡಿಮೆಯಿಲ್ಲ. ಹಾಗೆ ಹೋದವರಿಗೆ ಮೊದಲ ವಾರವೇ ಎದುರಾಗುವುದು ಹಾಲಿನ ಪ್ರಶ್ನೆ: ಅಂಗಡಿಯ ತಣ್ಣನೆಯ ಕಪಾಟಿನಲ್ಲಿರುವ ತಾಜಾ ಹಾಲನ್ನು ಕೊಳ್ಳುವುದೋ, ಹೊರಗೆ ಸಾಲಾಗಿ ಜೋಡಿಸಿಟ್ಟ, ತಿಂಗಳುಗಟ್ಟಲೆ ಕೆಡದ ಪೆಟ್ಟಿಗೆ ಹಾಲನ್ನು ಕೊಳ್ಳುವುದೋ? ಜರ್ಮನಿಯಲ್ಲಿ ಮಗಳ ಮನೆಯ ಅಡುಗೆಯನ್ನು ಕೆಲಕಾಲ ನೋಡಿಕೊಂಡು ಬಂದಿರುವ ನನ್ನನ್ನು, ಹೊರಡುವ ಸಿದ್ಧತೆಯಲ್ಲಿರುವ ಪರಿಚಯದವರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಕೇಳುವಾಗಲೇ, ‘ಆ ಆರು ತಿಂಗಳ ಹಾಲಿಗೆ ಏನೋ ಔಷಧಿ ಹಾಕಿರುತ್ತಾರಂತಲ್ಲ’ ಎಂಬ ಮಾತೂ ಬಂದೇ ಬರುತ್ತದೆ. ಈ ಭಯಕ್ಕೆ ಆಧಾರವಿಲ್ಲ ಎಂದು ಹೇಳುವುದು ಅಗತ್ಯವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಹಾಲು ಕೆಡದೆ ಉಳಿಯುವುದು ಕಾಯಿಸುವ ರೀತಿಯಿಂದ ಮತ್ತು ತುಂಬುವ ರೀತಿಯಿಂದ. ನಾವು ಪ್ಯಾಕೆಟ್ಟಿನಲ್ಲಿ ತರುವ ಸಾಮಾನ್ಯ ಪಾಶ್ಚರೀಕೃತ ಹಾಲನ್ನು ಡೇರಿಯಲ್ಲಿ ಸುಮಾರು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುತ್ತಾರೆ. ರೋಗ ತರುವ ಸೂಕ್ಷ್ಮಜೀವಿಗಳು ಇದರಿಂದ ಸಾಯುತ್ತವೆಯಾದರೂ, ಶಾಖವನ್ನು ತಡೆದುಕೊಳ್ಳುವ ಕೆಲವು ಬ್ಯಾಕ್ಟೀರಿಯಾ ಮತ್ತು ಅವುಗಳ ಬೀಜಕಣಗಳು ಉಳಿದುಕೊಳ್ಳುವುದರಿಂದ ಆ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಬೇಗನೆ ಬಳಸಬೇಕಾಗುತ್ತದೆ. ಯುಎಚ್‌ಟಿ ಎಂದು ಕರೆಯುವ ದೀರ್ಘಬಾಳಿಕೆಯ ಹಾಲನ್ನಾದರೋ 135 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಕೂಡಲೇ ತಣಿಸಿ, ಮೊದಲೇ ಕ್ರಿಮಿಶುದ್ಧಿ ಮಾಡಿದ ಪೆಟ್ಟಿಗೆಗೆ ಹೊರಗಿನ ಗಾಳಿ ಸೋಕದಂತೆ ತುಂಬಿ ಮುಚ್ಚುತ್ತಾರೆ. ಕಾಗದ, ಪ್ಲಾಸ್ಟಿಕ್ ಮತ್ತು ತೆಳುವಾದ ಅಲ್ಯೂಮಿನಿಯಂ ಪದರಗಳ ಆ ಪೆಟ್ಟಿಗೆ ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುವುದಿಲ್ಲ. ಸ್ವೀಡನ್ನಿನ ಟೆಟ್ರಾ ಪ್ಯಾಕ್ ಕಂಪನಿ ಹೀಗೆ ಹಾಲು ತುಂಬುವ ಯಂತ್ರವನ್ನು 1961ರಷ್ಟು ಹಿಂದೆಯೇ ಹೊರತಂದಿತ್ತು. ಪೆಟ್ಟಿಗೆಯ ಕಾಗದವನ್ನು ಶುದ್ಧಗೊಳಿಸಲು ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದುಂಟು, ಆದರೆ ಅದನ್ನು ಬಿಸಿಗಾಳಿಯಿಂದ ಆರಿಸಿದ ಮೇಲೆಯೇ ಹಾಲು ತುಂಬುತ್ತಾರೆ. ಕೆಡದಿರಲೆಂದು ಹಾಲಿಗೆ ಬೆರೆಸುವ ಔಷಧಿ ಯಾವುದೂ ಇಲ್ಲ. ನಮ್ಮದೇ ನಂದಿನಿಯ ‘ಗುಡ್‌ಲೈಫ್’ ಕೂಡ ಇದೇ ಬಗೆಯ ಹಾಲು ಎಂಬುದನ್ನು ಶಂಕಿಸುವವರು ನೆನಪಿಡಬೇಕು.

ಸತ್ವ ಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಸುಣ್ಣದಂಶ ಮತ್ತು ಪ್ರೋಟೀನಿನ ಪ್ರಮಾಣದಲ್ಲಿ ಎರಡು ಹಾಲುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಶಾಖಕ್ಕೆ ಸೂಕ್ಷ್ಮವಾದ ಬಿ12, ಫೋಲೇಟ್‌ನಂಥ ಜೀವಸತ್ವಗಳು ಯುಎಚ್‌ಟಿ ಹಾಲಿನಲ್ಲಿ ಒಂದಿಷ್ಟು ಕಡಿಮೆಯಾಗುವುದು ನಿಜ, ಮಾಂಸ ತಿನ್ನದ ಕುಟುಂಬಗಳು ಬಿ12ಗಾಗಿ ಹಾಲು ಮೊಸರನ್ನೇ ನೆಚ್ಚಿಕೊಂಡಿರುವುದರಿಂದ ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೆ ಬೆಳಿಗ್ಗೆ ಉಕ್ಕಿಸಿ, ಮಧ್ಯಾಹ್ನ ಬಿಸಿಮಾಡಿ, ಸಂಜೆ ಮತ್ತೊಮ್ಮೆ ಕುದಿಸುವ ನಮ್ಮ ಮನೆಗಳಲ್ಲಿ ತಾಜಾ ಹಾಲಿನ ಅದೇ ಸತ್ವಗಳು ಒಲೆಯ ಮೇಲೆಯೇ ಕಳೆದುಹೋಗುತ್ತವೆ. ಯುಎಚ್‌ಟಿ ಹಾಲನ್ನಾಗಲಿ ಪಾಶ್ಚರೀಕೃತ ಹಾಲನ್ನಾಗಲಿ ಮತ್ತೆ ಉಕ್ಕಿಸುವ ಅಗತ್ಯವಿಲ್ಲ, ಬೇಕಾದಷ್ಟನ್ನು ಬೇಕಾದಾಗ ಬಿಸಿಮಾಡಿಕೊಂಡರೆ ಸಾಕು. ಅಲ್ಲಿ ಕೆಲವು ಹೊಲಮನೆಗಳಲ್ಲಿ ನೇರವಾಗಿ ಮಾರುವ ಹಸಿ ಹಾಲನ್ನು ಮಾತ್ರ ತಪ್ಪದೆ ಕುದಿಸಬೇಕು.

ಹಾಗಾದರೆ ಆಯ್ಕೆಗೆ ಆಧಾರ ಯಾವುದು? ಹಾಲಿನಿಂದ ಏನು ಮಾಡುತ್ತೇವೆ ಎಂಬುದೇ ಎಂದು ನನ್ನ ಅಭಿಪ್ರಾಯ. ಕಾಫಿ, ಚಹಾ, ಕೊತ್ತಂಬರಿ–ಜೀರಿಗೆಯ ಕಷಾಯಕ್ಕೆ ದೀರ್ಘಬಾಳಿಕೆಯ ಹಾಲು ಧಾರಾಳವಾಗಿ ಸಾಕು. ಅದಕ್ಕೊಂದು ಬೆಂದ ಹಾಲಿನ ರುಚಿ ಇರುತ್ತದೆ. ಬರಿದೇ ಕುಡಿಯುವಾಗ ಅದು ಗೊತ್ತಾಗುತ್ತದೆ, ಕಷಾಯದಲ್ಲಿ ಗೊತ್ತಾಗುವುದಿಲ್ಲ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ, ಪುಟ್ಟ ಮಗುವಿರುವ ಮನೆಯಲ್ಲಿ ಹಿರಿಯರ ಬಳಕೆಗೆ ಎರಡು ಪೆಟ್ಟಿಗೆ ಇಂಥ ಹಾಲು ಕಪಾಟಿನಲ್ಲಿ ಇರಲೇಬೇಕು.

ಮೊಸರಿನ ವಿಷಯ ಬೇರೆ. ನಮ್ಮ ಊಟ ಮಜ್ಜಿಗೆಯಿಲ್ಲದೆ ಮುಗಿಯುವುದಿಲ್ಲ, ತಂಬುಳಿಗೂ ಅದೇ ಬೇಕು. ಯುಎಚ್‌ಟಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ, ಆದರೆ ಸಾಮಾನ್ಯವಾಗಿ ತೆಳ್ಳಗೆ, ಸಡಿಲವಾಗಿ ಕೂರುತ್ತದೆ. ಸ್ವಲ್ಪ ಹಾಲಿನ ಪುಡಿ ಕದಡಿದರೆ ಗಟ್ಟಿ ಬರುತ್ತದೆ. ತಾಜಾ ಹಾಲನ್ನು ಚೆನ್ನಾಗಿ ಕಾಯಿಸಿ, ಬೆರಳು ತಾಳುವಷ್ಟು ಆರಿಸಿ ಹೆಪ್ಪು ಹಾಕಿದರೆ ಬರುವ ಮೊಸರೇ ನಮ್ಮ ಮನೆಯ ಮೊಸರಿಗೆ ಹತ್ತಿರ. ಪನೀರಿಗೂ ತಾಜಾ ಹಾಲೇ ಲೇಸು. ಅತಿಶಾಖ ಕಂಡ ಹಾಲು ಒಡೆದಾಗ ಮೃದುವಾದ ಪುಡಿಯಂತಾಗುತ್ತದೆಯೇ ಹೊರತು ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ಆದರೆ ಕೆನೆ ಕಟ್ಟುತ್ತದೆ, ಕಡೆದರೆ ಬೆಣ್ಣೆ ಬರುತ್ತದೆ ಎಂಬ ಆಸೆಯಿಂದ ತಾಜಾ ಹಾಲು ಕೊಳ್ಳುವವರು ನಿರಾಶರಾಗುತ್ತಾರೆ, ಏಕೆಂದರೆ ಅಲ್ಲಿನ ಬಹುಪಾಲು ತಾಜಾ ಹಾಲಿನಲ್ಲೂ ಜಿಡ್ಡಿನ ಕಣಗಳನ್ನು ಒಡೆದು ಹಾಲಿನಲ್ಲೆಲ್ಲ ಸಮನಾಗಿ ಬೆರೆಸಿರುತ್ತಾರೆ. ತುಪ್ಪ ಬೇಕಾದರೆ ಉಪ್ಪಿಲ್ಲದ ಬೆಣ್ಣೆಯನ್ನು ಕೊಂಡು ಕಾಯಿಸುವುದೇ ಸರಿ. ಊರಿನಿಂದ ತುಪ್ಪವನ್ನೋ ಹೆಪ್ಪನ್ನೋ ಕೊಂಡೊಯ್ಯುವಂತಿಲ್ಲ: ಐರೋಪ್ಯ ಒಕ್ಕೂಟದ ದೇಶಗಳಿಗೆ ಹೋಗುವ ಪ್ರಯಾಣಿಕರು ಭಾರತದಿಂದ ಹಾಲಿನ ಪದಾರ್ಥಗಳನ್ನು ತಮ್ಮೊಡನೆ ಒಯ್ಯುವುದಕ್ಕೆ ಕಾಯಿದೆಯ ನಿಷೇಧವಿದೆ. ಹೆಪ್ಪಿಗೆ ಅಲ್ಲಿನ ಅಂಗಡಿಯ ಸಪ್ಪೆ ಮೊಸರೇ ಸಾಕಾಗುತ್ತದೆ.

ತಣ್ಣನೆಯ ಕಪಾಟಿನಲ್ಲಿರುವುದೆಲ್ಲ ಒಂದೇ ಬಗೆಯ ಹಾಲಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ಜರ್ಮನಿಯಲ್ಲಿ ತಾಜಾ ಹಾಲಿನ ಹೆಸರಿನಲ್ಲಿಯೇ ಎರಡು ಬಗೆ ಸಿಗುತ್ತವೆ: ಹಳೆಯ ಪದ್ಧತಿಯಲ್ಲಿ ಪಾಶ್ಚರೀಕರಿಸಿದ್ದು, ಮತ್ತು ಅದಕ್ಕಿಂತ ಹೆಚ್ಚು ಕಾಯಿಸಿದ ಅಥವಾ ಅತಿಸೂಕ್ಷ್ಮವಾಗಿ ಸೋಸಿದ, ಫ್ರಿಜ್ಜಿನಲ್ಲಿಟ್ಟರೆ ಸುಮಾರು ಮೂರು ವಾರ ಬಾಳುವಂಥದ್ದು. ಎರಡನೆಯದರ ಮೇಲೆ ‘ಲೆಂಗರ್ ಹಾಲ್ಟ್‌ಬಾರ್’ ಎಂದಿರುತ್ತದೆ. ಹೊರಗಿನ ಸಾಲಿನ ಯುಎಚ್‌ಟಿ ಹಾಲಿಗೆ ಅಲ್ಲಿ ‘ಎಚ್–ಮಿಲ್ಖ್’ ಎನ್ನುತ್ತಾರೆ. ಫ್ರಾನ್ಸ್, ಸ್ಪೇನ್, ಬೆಲ್ಜಿಯಂಗಳಲ್ಲಿ ಜನ ಹೆಚ್ಚಾಗಿ ಕೊಳ್ಳುವುದೇ ಯುಎಚ್‌ಟಿ ಹಾಲನ್ನು; ಬ್ರಿಟನ್ನಿನಲ್ಲಿ ಮತ್ತು ಉತ್ತರದ ಸ್ವೀಡನ್, ನಾರ್ವೆಗಳಲ್ಲಿ ತಾಜಾ ಹಾಲೇ ರೂಢಿ. ಮುಚ್ಚಳದ ಬಣ್ಣವನ್ನಂತೂ ನಂಬಬಾರದು. ಬ್ರಿಟನ್ನಿನಲ್ಲಿ ನೀಲಿ ಎಂದರೆ ಕೆನೆಭರಿತ ಹಾಲು, ಕೆಂಪು ಎಂದರೆ ಕೆನೆ ತೆಗೆದದ್ದು. ಫ್ರಾನ್ಸಿನಲ್ಲಿ ಕೆಂಪು ಕೆನೆಭರಿತ ಹಾಲಿಗೆ, ನೀಲಿ ಅರೆಕೆನೆಯದಕ್ಕೆ.

ಬಹಳ ಎಚ್ಚರ ವಹಿಸಬೇಕಾದ ಸಂಗತಿ ಇನ್ನೊಂದಿದೆ. ಪೆಟ್ಟಿಗೆಯನ್ನು ಕತ್ತರಿಸಿದ ಕ್ಷಣದಿಂದ ಆರು ತಿಂಗಳ ಲೆಕ್ಕ ಮುಗಿಯಿತು. ಆಮೇಲೆ ಅದನ್ನು ಫ್ರಿಜ್ಜಿನಲ್ಲಿಟ್ಟು ಪೆಟ್ಟಿಗೆಯ ಮೇಲೆ ಹೇಳಿದಷ್ಟು ದಿನಗಳೊಳಗೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ, ಮುಗಿಸಬೇಕು. ಕೊಟ್ಟಿಗೆಯ ಹಾಲು ಕೆಟ್ಟರೆ ಹುಳಿಯಾಗುತ್ತದೆ, ಒಲೆಗಿಟ್ಟರೆ ಒಡೆಯುತ್ತದೆ, ಮೂಗಿಗೂ ಕಣ್ಣಿಗೂ ಗೊತ್ತಾಗುತ್ತದೆ. ಹುಳಿ ಬರಿಸುವ ಬ್ಯಾಕ್ಟೀರಿಯಾಗಳೆಲ್ಲ ಸತ್ತಿರುವ ಯುಎಚ್‌ಟಿ ಹಾಲು ಹಾಗೆ ಹುಳಿಯಾಗದೆಯೇ ಕೆಡಬಹುದು, ಕಹಿಯಾಗಬಹುದು. ಆದ್ದರಿಂದ ಮೂಸಿ ನೋಡಿ ನಿರ್ಧರಿಸುವ ನಮ್ಮ ಹಿರಿಯರ ವಿಧಾನ ಇಲ್ಲಿ ಸಾಲದು, ತೆರೆದ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಬರೆದಿಡುವುದು ಕ್ಷೇಮ.

ಈ ತಿಳಿವಳಿಕೆ ಹೊರದೇಶಕ್ಕೆ ಹೋಗುವವರಿಗಷ್ಟೇ ಬೇಕಾದುದಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಳೆಗಾಲದಲ್ಲಿ ಘಟ್ಟದ ರಸ್ತೆಗಳ ಪಾಡೂ ಅಷ್ಟೇ, ವಿದ್ಯುತ್ತಿನ ಪಾಡೂ ಅಷ್ಟೇ. ಫ್ರಿಜ್ಜಿನ ಹಂಗಿಲ್ಲದೆ ಉಳಿಯುವ ಹಾಲು ಇಂಥ ಜಿಲ್ಲೆಯಲ್ಲಿ ಮುಖ್ಯವಾಗಿ ಮಕ್ಕಳು ಮತ್ತು ವೃದ್ಧರಿರುವ ಮನೆಗಳಿಗೆ ಆಸರೆಯಾಗಬಲ್ಲದು. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳು ತಮ್ಮ ವಾರ್ಷಿಕ ಸಭೆಗಳಲ್ಲಿ ಇದರ ಬಗ್ಗೆ ವಿವರಿಸಿದರೆ ತಲುಪಬೇಕಾದವರಿಗೆ ತಲುಪುತ್ತದೆ. ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಂಥ ಸಂಸ್ಥೆಯ ತಜ್ಞರಿಂದ ತಾವು ಈ ಕುರಿತು ಒಂದು ಲೇಖನ ಬರೆಸಿ, ಮಳೆಗಾಲಕ್ಕೆ ಮುನ್ನವೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗಳು,
ಶಿರಸಿ